ಬಾಲಿಯಲ್ಲಿ ಬಯಲು ಮದುವೆ: ನೆಂಟರಾಗಿ ಹೋಗುವವರು ಏನೇನು ಸಿದ್ಧ ಮಾಡಿಕೊಳ್ಳಬೇಕು?

ಸರಸ್ವತಿಪುರಂ ಸೊಸೆ

ಎಲ್ಲರಿಗೂ ನಮಸ್ಕಾರ. ನಾದಿನಿ ಮಗಳ ಮದುವೆ ಶ್ರಾವಣಕ್ಕೆ ಗಟ್ಟಿಯಾಗಿದೆ. ಹುಡುಗನ ಮನೆಯವರು ಹಾಸನದ ಕಡೆಯವರೇ, ಆದರೆ ಇರುವುದು ಮೆಲ್ಬರ್ನಿನಲ್ಲಿ. ಎರಡೂ ಕಡೆಯವರಿಗೆ ಅನುಕೂಲ ಆಗಲಿ ಅಂತ ಇಂಡೋನೇಷ್ಯಾದ ಬಾಲಿಯಲ್ಲಿ ಇಟ್ಟುಕೊಂಡಿದ್ದಾರೆ. ಉಲುವಾಟು ಅನ್ನುವ ಕಡೆ, ಸಮುದ್ರಕ್ಕೆ ಮುಖ ಮಾಡಿದ ಬಂಡೆಯ ಮೇಲೆ ಹುಲ್ಲುಹಾಸು, ಅಲ್ಲೇ ಮಂಟಪ. ಬೆಳಿಗ್ಗೆ ಹತ್ತೂವರೆಗೆ ಮುಹೂರ್ತ, ಸಂಜೆ ಅಲ್ಲೇ ಆರತಕ್ಷತೆ. ಛತ್ರ ಅಂತ ಏನೂ ಇಲ್ಲ, ಎಲ್ಲವೂ ಬಯಲಲ್ಲೇ.

ಹೋಗುವವರು ನಾನು, ಯಜಮಾನರು, ಮಗಳು, 74 ವರ್ಷದ ಅತ್ತೆ, ಮತ್ತೆ ನನ್ನ ಓರಗಿತ್ತಿ. ಅತ್ತೆಗೆ ಮಂಡಿ ನೋವು, ಬಿಪಿ ಎರಡೂ ಇದೆ.

ಛತ್ರದ ಮದುವೆಗೆ ಹೇಗೆ ಹೊರಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಇದು ಬಿಸಿಲು, ಗಾಳಿ, ಅದೂ ಪರದೇಶ. ಏನು ಉಡಬೇಕು, ಏನು ಒಯ್ಯಬೇಕು, ಒಡವೆ ಹಾಕಿಕೊಂಡು ಹೋಗಬಹುದಾ, ಅತ್ತೆಯವರಿಗೆ ಏನು ಏರ್ಪಾಡು ಬೇಕು? ಓರಗಿತ್ತಿಯ ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಮುದ್ರೆ ಇದೆ (ಕೆಲವು ದೇಶಗಳಿಗೆ ಹೋಗಲು ಸರ್ಕಾರದ ಅನುಮತಿ ಬೇಕು ಅಂತ ಹಾಕುವುದು), ಅದರಿಂದ ತೊಂದರೆ ಆಗುತ್ತಾ? ಮತ್ತೆ ಮುಯ್ಯಿ ವಿಚಾರ. ಟಿಕೆಟ್ ನಮ್ಮದೇ ಖರ್ಚು, ರೂಮು ಊಟ ಅವರದು.

ಹುಬ್ಳಿ ಹುಡುಗ

ಬಾಲಿಗೆ ವೀಸಾ ಬೇಕಿಲ್ರಿ ಮೇಡಂ. ನಮ್ಮ ದೋಸ್ತರು ಬರೀ ಪಾಸ್‌ಪೋರ್ಟ್ ತೋರಿಸಿ ಹೋಗಿ ಬಂದಾರ.

ಟಿಕೆಟ್ ತಿಮ್ಮ

ಅದು ಹಳೇ ಮಾತು ಸರ್. 2020ರ ಮಾರ್ಚ್‌ವರೆಗೆ ಭಾರತೀಯರಿಗೆ ಬಿಟ್ಟಿ ಪ್ರವೇಶ ಇತ್ತು, ಕೋವಿಡ್ ಬಂದಾಗ ನಿಲ್ಲಿಸಿದರು. ಈಗ ಬೇಕು.

ಮೇಡಂ, ಕೇಳಿ. ವೀಸಾ ಆನ್ ಅರೈವಲ್ ಇದೆ, ಅಂದರೆ ಅಲ್ಲಿ ಇಳಿದ ಮೇಲೆ ಕೊಡುವ ವೀಸಾ, ತಲೆಗೆ ಅಲ್ಲಿಯ ಹಣದಲ್ಲಿ 5 ಲಕ್ಷ ರುಪಿಯಾ, 30 ದಿನ ಇರಬಹುದು. ಸೊನ್ನೆ ನೋಡಿ ಗಾಬರಿ ಆಗಬೇಡಿ, ನಮ್ಮ ಲೆಕ್ಕದಲ್ಲಿ ಮೂರು ಸಾವಿರದ ಆಸುಪಾಸು. ಇದನ್ನು ಮನೆಯಲ್ಲೇ ಕೂತು ಆನ್‌ಲೈನಲ್ಲಿ ಮಾಡಿಸಿಕೊಂಡರೆ ಅಲ್ಲಿ ಇಳಿದ ಮೇಲೆ ಅತ್ತೆಯವರನ್ನು ಸಾಲಿನಲ್ಲಿ ನಿಲ್ಲಿಸುವುದು ತಪ್ಪುತ್ತದೆ. ಆದರೆ ಸರ್ಕಾರಿ ಜಾಲತಾಣವೇ ಆಗಿರಲಿ. ಅದರ ವಿಳಾಸ ಗೋ ಡಾಟ್ ಐಡಿ ಅಂತ ಮುಗಿಯುತ್ತದೆ. ಅದೇ ರೀತಿ ಕಾಣುವ ಏಜೆಂಟರ ಪುಟಗಳು ಬೇಕಾದಷ್ಟಿವೆ, ಡಬಲ್ ದುಡ್ಡು ಕೀಳುತ್ತಾರೆ.

ಇದರ ಜೊತೆಗೆ ಬಾಲಿಯವರದ್ದೇ ಪ್ರವಾಸಿ ಶುಲ್ಕ, 2024ರ ಫೆಬ್ರವರಿ 14ರಿಂದ ಇದೆ, ತಲೆಗೆ 1.5 ಲಕ್ಷ ರುಪಿಯಾ. 'ಲವ್ ಬಾಲಿ' ಅನ್ನುವ ಪುಟದಲ್ಲಿ ಕಟ್ಟಬೇಕು. ಹೋಗುವ ಮೂರು ದಿನದೊಳಗೆ 'ಆಲ್ ಇಂಡೋನೇಷ್ಯಾ' ಅಂತ ಒಂದು ಫಾರಂ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ಪಾಸ್‌ಪೋರ್ಟ್ ಇಳಿಯುವ ದಿನದಿಂದ ಲೆಕ್ಕ ಹಾಕಿದರೆ ಆರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ಇದನ್ನು ಇವತ್ತೇ ಎಲ್ಲರದ್ದೂ ತೆಗೆದು ನೋಡಿ.

ಟಿಕೆಟ್ ಮಾಡಿಸುವಾಗ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ನಮ್ಮ ಕಡೆ ಇನಿಷಿಯಲ್ಲು ಒಂದು ಕಡೆ, ಬಿಡಿಸಿ ಬರೆದಿದ್ದು ಇನ್ನೊಂದು ಕಡೆ. ಕೌಂಟರಿನಲ್ಲಿ ಜಗಳ ಆಗುವುದೇ ಇದಕ್ಕೆ.

ದಾವಣಗೆರೆ ಬೆಣ್ಣೆ

ಇಸಿಆರ್ ಇದ್ದರೆ ಇಂಡೋನೇಷ್ಯಾಕ್ಕೆ ಬಿಡುವುದಿಲ್ಲ. ಆ ಪಟ್ಟಿಯಲ್ಲಿ ಇಂಡೋನೇಷ್ಯಾ ಇದೆ. ಮೊದಲು ಅದನ್ನು ತೆಗೆಸಿ.

ಟಿಕೆಟ್ ತಿಮ್ಮ

ಅರ್ಧ ಸರಿ. ಪಟ್ಟಿಯಲ್ಲಿ 18 ದೇಶ ಇವೆ, ಇಂಡೋನೇಷ್ಯಾವೂ ಇದೆ, ಥಾಯ್ಲೆಂಡ್ ಮಲೇಷ್ಯಾವೂ ಇವೆ. ಆದರೆ ಆ ತಡೆ ಕೆಲಸಕ್ಕೆ ಹೋಗುವವರಿಗೆ ಮಾತ್ರ. ಮದುವೆಗೆ, ಪ್ರವಾಸಕ್ಕೆ ಹೋಗುವವರಿಗೆ ಅನುಮತಿ ಬೇಕಿಲ್ಲ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಲಗ್ನಪತ್ರಿಕೆ ಪ್ರಿಂಟ್ ತೆಗೆದು ಕೈಯಲ್ಲಿ ಕೊಡಿ. ಅವರೊಬ್ಬರನ್ನೇ ಮುಂದೆ ಕಳಿಸಬೇಡಿ, ಎಲ್ಲರೂ ಒಂದೇ ಕೌಂಟರಿಗೆ ಹೋಗಿ. ಹತ್ತನೇ ಕ್ಲಾಸ್ ಪಾಸಾಗಿದ್ದರೆ ಅಥವಾ 50 ದಾಟಿದ್ದರೆ ಮುಂದಿನ ಸಲ ಪಾಸ್‌ಪೋರ್ಟ್ ಮಾಡಿಸುವಾಗ ಆ ಮುದ್ರೆ ಬೀಳುವುದೇ ಇಲ್ಲ.

ಸರಸ್ವತಿಪುರಂ ಸೊಸೆ

ಅಬ್ಬಾ, ಎದೆ ಹಗುರಾಯಿತು. ಆ ವಿಷಯಕ್ಕೇ ಅವಳು ಬರುವುದಿಲ್ಲ ಅಂತ ಕೂತಿದ್ದಳು. ಥ್ಯಾಂಕ್ಸ್ ಸರ್.

ಜಯನಗರ ಕಾಫಿ

ಇದೆಲ್ಲ ಯಾಕೆ ಬೇಕು ಹೇಳಿ. ನಮ್ಮಲ್ಲಿ ಕೊಡಗಿಲ್ವಾ, ಗೋಕರ್ಣ ಇಲ್ವಾ? 2023ರ ನವೆಂಬರಿನಲ್ಲಿ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯವರೇ ಹೇಳಿದರು, ಮದುವೆಗಳನ್ನು ದೇಶದೊಳಗೇ ಮಾಡಿ ಅಂತ. ಹೂವಿನವರಿಗೆ, ಅಡುಗೆಯವರಿಗೆ, ಓಲಗದವರಿಗೆ ನಾಲ್ಕು ಕಾಸು ಆಗುತ್ತೆ. ಅಲ್ಲಿ ಹೋಗಿ ಸುರಿಯುವ ದುಡ್ಡು ಇಲ್ಲಿ ಸುರಿದರೆ ಏನು ಕಷ್ಟ?

ಮೆಲ್ಬರ್ನ್ ಕನ್ನಡತಿ

ಪ್ರಶ್ನೆ ಅದಲ್ಲ ಸರ್, ಅವರು ಕರೆದಿದ್ದಾರೆ, ಇವರು ಹೋಗುತ್ತಿದ್ದಾರೆ. ಇಲ್ಲಿಂದ ಬಾಲಿಗೆ ನೇರ ವಿಮಾನ, ಆರು ಗಂಟೆ ಚಿಲ್ಲರೆ. ಬೆಂಗಳೂರಿನಿಂದಲೂ 2024ರ ಮಾರ್ಚಿನಲ್ಲಿ ಇಂಡಿಗೊ ನೇರ ವಿಮಾನ ಶುರು ಮಾಡಿತು. ಹುಡುಗನ ಕಡೆಯ ಅಜ್ಜಿ ತಾತ ಇಲ್ಲಿದ್ದರೆ ಅವರಿಗೂ ಹತ್ತಿರ ಆಗಬೇಕಲ್ಲ.

ಮಡಿಕೇರಿ ಮಳೆ

ಶ್ರಾವಣದಲ್ಲಿ ಕೊಡಗಿನಲ್ಲಿ ಬಯಲು ಮದುವೆಯಾ? ನಮ್ಮೂರಿಗೆ ಆಗಸ್ಟಿನಲ್ಲಿ ಬಂದು ನೋಡಿ ಸರ್, ಪೆಂಡಾಲು ಹಾರಿ ಕಾಫಿ ತೋಟದಲ್ಲಿ ಸಿಗುತ್ತೆ. ಬಾಲಿಯಲ್ಲಿ ಮಳೆಗಾಲ ನವೆಂಬರಿನಿಂದ ಮಾರ್ಚ್. ಆಗಸ್ಟ್ ಅಲ್ಲಿ ಒಣ ಕಾಲ. ತಿಂಗಳು ಮಾತ್ರ ಸರಿಯಾಗೇ ಆರಿಸಿದ್ದಾರೆ.

ಮಲೆನಾಡ ಮಾಮಿ

ಒಣ ಕಾಲ ಹೌದು, ಆದರೆ ಗಾಳಿ ಕಾಲವೂ ಹೌದು. ಜುಲೈ ಆಗಸ್ಟಿನಲ್ಲಿ ಅಲ್ಲಿ ಆಗ್ನೇಯದಿಂದ ಒಂದೇ ಸಮನೆ ಬೀಸುತ್ತದೆ. ನಮ್ಮಕ್ಕನ ಮಗನ ಮದುವೆ ಅಲ್ಲೇ ಬಂಡೆ ಮೇಲೆ ಆಯಿತು. ನಾವು ಬಿಸಿಲಿಗೆ ತಯಾರಾಗಿ ಹೋಗಿದ್ದೆವು, ಕಾಡಿದ್ದು ಗಾಳಿ.

ಅಂತರಪಟ ಹಿಡಿದರಲ್ಲ, ಅದು ಹಾಯಿಯ ಹಾಗೆ ಉಬ್ಬಿ ಹುಡುಗಿಯ ಮುಖಕ್ಕೇ ಬಡಿಯಿತು. ಮೇಲೆ ಇಬ್ಬರು, ಕೆಳಗೆ ಇಬ್ಬರು ಹುಡುಗರು ಕೂತು ಅಂಚು ಹಿಡಿದುಕೊಂಡ ಮೇಲೆ ನಿಂತಿತು. ಅಕ್ಷತೆ ಹಾಕುವಾಗ ಸಮುದ್ರದ ಕಡೆ ನಿಂತವರು ಎಸೆದದ್ದು ಅವರ ತಲೆಗೇ ವಾಪಸ್. ಆಮೇಲೆ ಪುರೋಹಿತರೇ ಕೂಗಿ ಎಲ್ಲರನ್ನೂ ಗಾಳಿ ಬರುವ ಕಡೆಗೆ ಸರಿಸಿದರು. ಹೋಮಕುಂಡಕ್ಕೆ ಮೂರು ಕಡೆ ತಗಡಿನ ಮರೆ ಇಟ್ಟರು, ಆದರೂ ಹೊಗೆ ಪೂರ್ತಿ ಹೆಣ್ಣಿನ ಕಡೆಯವರ ಸಾಲಿಗೇ.

ಹಾಗಾಗಿ ಮೊದಲು ಕೇಳಬೇಕಾದ್ದು ನಾದಿನಿಯನ್ನು. ಕುರ್ಚಿಗಳ ಮೇಲೆ ನೆರಳಿದೆಯಾ? ಕಾಲಡಿಗೆ ಏನಿದೆ, ಹುಲ್ಲಾ, ಮರಳಾ, ಮರದ ಹಲಗೆಯಾ? ರೂಮಿನಿಂದ ಮಂಟಪಕ್ಕೆ ಎಷ್ಟು ಮೆಟ್ಟಿಲು? ಬಚ್ಚಲು ಎಷ್ಟು ದೂರ? ಈ ನಾಲ್ಕು ಗೊತ್ತಾದರೆ ಮಿಕ್ಕಿದ್ದು ತಾನಾಗಿ ಗೊತ್ತಾಗುತ್ತೆ.

ಕರಾವಳಿ ಕುವರ

ಕಾಲಡಿ ವಿಷಯ ಹೇಳಿದಿರಿ, ಬಹಳ ಮುಖ್ಯ. ಮಂಟಪಕ್ಕೆ ಚಪ್ಪಲಿ ಬಿಟ್ಟೇ ಹೋಗಬೇಕು ತಾನೆ. ಮರದ ಹಲಗೆಯೋ ಕಲ್ಲೋ ಹಾಸಿದ್ದರೆ ಹತ್ತೂವರೆ ಬಿಸಿಲಿಗೆ ಕಾದಿರುತ್ತದೆ. ಥಾಯ್ಲೆಂಡಿನ ಒಂದು ಮದುವೆಯಲ್ಲಿ ಹುಡುಗಿಯ ಸೋದರಮಾವ ಬರಿಗಾಲಲ್ಲಿ ಹುಡುಗಿಯನ್ನು ಕರೆತರಬೇಕು, ಹೆಜ್ಜೆ ಇಡಲಾಗದೆ ನಿಂತುಬಿಟ್ಟರು. ಹೋಟೆಲಿನವರು ಬಕೆಟ್ಟಿನಲ್ಲಿ ಟವೆಲ್ ಅದ್ದಿ ತಂದು ದಾರಿಯುದ್ದಕ್ಕೂ ಹಾಸಿದರು. ವಯಸ್ಸಾದವರಿಗೆ ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಶುಗರ್ ಇರುವವರಂತೂ ಬರಿಗಾಲಲ್ಲಿ ಕಾಲಿಡಲೇಬಾರದು.

ಚಿಕ್ಕಪೇಟೆ ರೇಷ್ಮೆ

ಸೀರೆ ಅಂಗಡಿ ನಮ್ಮದು, ಈಚೆಗೆ ಇಂಥ ಮದುವೆಗೆ ಅಂತಲೇ ಕೇಳಿಕೊಂಡು ಬರುವವರು ಜಾಸ್ತಿ. ನಾನು ಹೇಳುವುದು ಇಷ್ಟು.

ಭಾರಿ ಜರಿಯ ಕಂಚಿ ಸೀರೆ ಬೆಳಗಿನ ಮುಹೂರ್ತಕ್ಕೆ ಬೇಡ. ಸೆಕೆಗೆ ಮೈಗೆ ಅಂಟಿಕೊಳ್ಳುತ್ತದೆ, ಬೆವರಿನ ಕಲೆ ಹೋಗುವುದಿಲ್ಲ. ಮೈಸೂರು ಸಿಲ್ಕ್ ಹಗುರ, ತಂಪು, ಆದರೆ ಕ್ರೇಪ್ ಬಟ್ಟೆ ಜಾರುತ್ತದೆ, ಗಾಳಿಗೆ ಹಾರುತ್ತದೆ. ಅದನ್ನು ಉಡುವುದಾದರೆ ಸೆರಗು ಇಳಿಬಿಡಬೇಡಿ. ಸಣ್ಣ ನೆರಿಗೆ ಮಾಡಿ ಭುಜದ ಮೇಲೆ ಒಂದು ಪಿನ್ನು, ಸೊಂಟದ ಹತ್ತಿರ ಒಂದು ಪಿನ್ನು. ಮುಂದಿನ ನೆರಿಗೆಗೆ ಒಳಗಡೆಯಿಂದ ಇನ್ನೊಂದು. ರೇಷ್ಮೆ ಹತ್ತಿ ಬೆರೆತ ಇಳಕಲ್ ಸೀರೆ ಇದ್ದರೆ ಇನ್ನೂ ಒಳ್ಳೆಯದು. ಮೈಗೆ ಗಾಳಿ ಆಡುತ್ತದೆ, ಟೋಪ್ ತೆನೆ ಸೆರಗಿನ ಅಂದ ಬಯಲಲ್ಲಿ ಎದ್ದು ಕಾಣುತ್ತದೆ. ಪೆಟಿಕೋಟ್ ಹತ್ತಿಯದ್ದೇ ಇರಲಿ, ಸ್ಯಾಟಿನ್ ಬೇಡ. ರವಿಕೆಗೆ ಹತ್ತಿ ಲೈನಿಂಗು. ಸಂಜೆಗೆ ಬೇಕಾದರೆ ಕಂಚಿ ಉಡಿ, ಆಗ ಬಿಸಿಲಿರುವುದಿಲ್ಲ.

ಒಂದು ಮಾತು ಮರೆಯಬೇಡಿ. ಸಮುದ್ರದ ಗಾಳಿಯಲ್ಲಿ ಉಪ್ಪಿನಂಶ ಇರುತ್ತೆ. ಉಟ್ಟ ಸೀರೆಯನ್ನು ಹಾಗೇ ಮಡಿಸಿ ಸೂಟ್‌ಕೇಸಿಗೆ ತುರುಕಬೇಡಿ, ಜರಿ ಕಪ್ಪಾಗುತ್ತೆ. ರೂಮಿನಲ್ಲಿ ನೆರಳಿಗೆ ಹರವಿ, ಊರಿಗೆ ಬಂದ ಮೇಲೆ ಇನ್ನೊಮ್ಮೆ ಹರವಿ.

ಪಂಚೆ ಪ್ರೇಮಿ

ಗಂಡಸರಿಗೆ: ಕಚ್ಚೆ ಪಂಚೆ ಉಡಿ, ಗಾಳಿಗೆ ಅದೇ ಗಟ್ಟಿ. ಅಡ್ಡ ಪಂಚೆಯಾದರೆ ಬೆಲ್ಟ್ ಕಡ್ಡಾಯ. ಶಲ್ಯಕ್ಕೂ ಒಂದು ಪಿನ್ನು. ಯಾರೋ ಎಲ್ಲರಿಗೂ ಸೂಟು ಅಂತ ಹೇಳಿದರೆ ಕೇಳಬೇಡಿ, ಆ ಸೆಕೆಗೆ ಕೋಟು ಹಾಕಿ ಕೂರುವುದು ಶಿಕ್ಷೆ.

ಮಂಡ್ಯದ್ ಗೌಡ್ತಿ

ಹೀಲ್ಸ್ ಚಪ್ಪಲಿ ಹುಲ್ಲಲ್ಲಿ ಹೂತು ಹೋಗ್ತವೆ, ಮಗಳಿಗೆ ಈಗಲೇ ಹೇಳಿ. ಚಪ್ಪಟೆ ಚಪ್ಪಲಿ, ಇಲ್ಲಾಂದ್ರೆ ಅಗಲ ಹಿಮ್ಮಡಿಯದ್ದು.

ಸರಸ್ವತಿಪುರಂ ಸೊಸೆ

ನಾದಿನಿಗೆ ಫೋನ್ ಮಾಡಿ ಕೇಳಿದೆ. ಮಂಟಪಕ್ಕೆ ಮಾತ್ರ ಮೇಲೆ ಹೂವಿನ ಚಪ್ಪರ, ಕುರ್ಚಿಗಳಿಗೆ ಏನೂ ಇಲ್ಲವಂತೆ. "ಫೋಟೋದಲ್ಲಿ ಸಮುದ್ರ ಕಾಣಬೇಕು ಅಂತ ಡೆಕೊರೇಟರ್ ಹೇಳಿದ್ದಾರೆ ಅತ್ತಿಗೆ" ಅಂದಳು. ಏನು ಹೇಳಲಿ?

ಮಲೆನಾಡ ಮಾಮಿ

ಬಾಯಿ ಬಿಟ್ಟು ಹೇಳಿ, ಸಂಕೋಚ ಬೇಡ. ಡೆಕೊರೇಟರ್ ಮದುವೆ ಮುಗಿಸಿ ಹೋಗುತ್ತಾನೆ, ತಲೆ ಸುತ್ತಿ ಬಿದ್ದವರನ್ನು ನೋಡಿಕೊಳ್ಳಬೇಕಾದವರು ನೀವು. ಕೊನೆ ಎರಡು ಸಾಲಿನ ಮೇಲಾದರೂ ಬಿಳಿ ಬಟ್ಟೆಯ ನೆರಳು ಎಳೆಸಲಿ, ಹಿರಿಯರನ್ನು ಅಲ್ಲಿ ಕೂರಿಸಿ. ಹಿಂದಿನ ಸಾಲಾದರೆ ಫೋಟೋಕ್ಕೂ ಅಡ್ಡ ಬರುವುದಿಲ್ಲ.

ಇಂಜಿನಿಯರ್ ಈಶ

ದಿಕ್ಕು ನೋಡಿ. ಉಲುವಾಟುವಿನ ಬಂಡೆಗಳು ಹೆಚ್ಚಾಗಿ ಪಶ್ಚಿಮಕ್ಕೆ, ನೈಋತ್ಯಕ್ಕೆ ಮುಖ ಮಾಡಿವೆ. ಹುಡುಗ ಹುಡುಗಿ ಪೂರ್ವಕ್ಕೆ ಮುಖ ಮಾಡಿ ಕೂತರೆ ಬೆಳಗಿನ ಬಿಸಿಲು ಅವರ ಕಣ್ಣಿಗೆ, ನೆಂಟರಿಗೆ ಬೆನ್ನಿಗೆ ಕತ್ತಿಗೆ. ಸಂಜೆ ಆರತಕ್ಷತೆಯಲ್ಲಿ ಉಲ್ಟಾ, ಸಮುದ್ರದ ಕಡೆ ನೋಡುವ ನೆಂಟರ ಕಣ್ಣಿಗೇ ಸೂರ್ಯ. ಬಾಲಿ ಸಮಭಾಜಕ ವೃತ್ತದಿಂದ ಕೇವಲ 8 ಡಿಗ್ರಿ ದಕ್ಷಿಣಕ್ಕಿದೆ, ಸಮುದ್ರದ ಗಾಳಿ ತಂಪಾಗಿರುವುದರಿಂದ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಕತ್ತಿನ ಹಿಂಭಾಗಕ್ಕೆ, ಕಿವಿಗೆ ಸನ್‌ಸ್ಕ್ರೀನ್ ಹಚ್ಚಿ. ಆಗಸ್ಟಿನಲ್ಲಿ ಸೂರ್ಯ ಮುಳುಗುವುದು ಆರೂಕಾಲರ ಹೊತ್ತಿಗೆ.

ಜಯನಗರ ಕಾಫಿ

ಮುಹೂರ್ತ ಯಾರು ಇಟ್ಟಿದ್ದು? ಇಲ್ಲಿಯ ಪಂಚಾಂಗ ನೋಡಿ ಎರಡೂವರೆ ಗಂಟೆ ಕೂಡಿಸಿದರೆ ಆಯಿತು ಅಲ್ವಾ?

ಬಸವನಗುಡಿ ಭಟ್ರು

ಆಗುವುದಿಲ್ಲ. ಗಡಿಯಾರ ಎರಡೂವರೆ ಗಂಟೆ ಮುಂದಿದೆ ಅನ್ನುವುದು ವ್ಯವಹಾರಕ್ಕೆ. ಲಗ್ನ ಆಯಾ ಊರಿನ ಅಕ್ಷಾಂಶ ರೇಖಾಂಶದ ಮೇಲೆ ನಿಲ್ಲುತ್ತದೆ, ಬಾಲಿ ದಕ್ಷಿಣ ಗೋಳಾರ್ಧದಲ್ಲಿರುವುದರಿಂದ ಲಗ್ನಗಳ ಅವಧಿಯೂ ಬೇರೆ. ರಾಹುಕಾಲವೂ ಅಷ್ಟೇ, ಅಲ್ಲಿಯ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಭಾಗ ಮಾಡಿ ನೋಡಬೇಕು. ತಿಥಿ ನಕ್ಷತ್ರ ಮುಗಿಯುವ ಕ್ಷಣ ಎಲ್ಲ ಕಡೆಯೂ ಒಂದೇ, ಅದಕ್ಕೆ ಮಾತ್ರ ಗಂಟೆ ಕೂಡಿಸಬಹುದು. ಈಗ ಊರಿನ ಹೆಸರು ಹಾಕಿದರೆ ಗಣಿತ ಮಾಡಿಕೊಡುವ ತಂತ್ರಾಂಶಗಳಿವೆ. ಪುರೋಹಿತರನ್ನು ಒಮ್ಮೆ ಕೇಳಿ.

ಸರಸ್ವತಿಪುರಂ ಸೊಸೆ

ಬಾಲಿಗೇ ಲೆಕ್ಕ ಹಾಕಿಸಿದ್ದಾರೆ ಭಟ್ರೇ, ವಿಚಾರಿಸಿದೆ. ಪೂಜೆ ಸಾಮಾನು ನಮ್ಮ ತಲೆಗೆ ಬಂದಿದೆ. ತೆಂಗಿನಕಾಯಿ, ಕೊಬ್ಬರಿ, ವೀಳ್ಯದೆಲೆ, ಹೂವು, ತುಪ್ಪ, ಎಲ್ಲ ಮೈಸೂರಿನಿಂದಲೇ ಒಯ್ಯಬೇಕು ಅಂತ ಅತ್ತೆಯವರ ಆಸೆ.

ಟಿಕೆಟ್ ತಿಮ್ಮ

ಕೊಬ್ಬರಿ ಗಿಟುಕು ಬಿಟ್ಟುಬಿಡಿ! ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುವ ವಸ್ತು ಅಂತ ಚೆಕ್-ಇನ್ ಬ್ಯಾಗಿನಲ್ಲಿ ನಿಷೇಧ. ಸ್ಕ್ಯಾನಿಂಗಿನಲ್ಲಿ ಸಿಕ್ಕರೆ ಬ್ಯಾಗ್ ತೆಗೆಸಿ ಎಲ್ಲರೆದುರು ಬಿಚ್ಚಿಸುತ್ತಾರೆ. ಕರ್ಪೂರ, ಬೆಂಕಿಪೊಟ್ಟಣದ ಕಟ್ಟು ಕೂಡ ಬೇಡ. ತುಪ್ಪ, ಉಪ್ಪಿನಕಾಯಿ ಚೆಕ್-ಇನ್‌ನಲ್ಲಿ ಗಟ್ಟಿಯಾಗಿ ಸೀಲ್ ಮಾಡಿ ಇಡಿ, ಕೈಚೀಲದಲ್ಲಿ 100 ಎಂ.ಎಲ್.ಗಿಂತ ಹೆಚ್ಚಿಗೆ ಬಿಡುವುದಿಲ್ಲ. ಪವರ್ ಬ್ಯಾಂಕ್, ಬ್ಯಾಟರಿ ಫ್ಯಾನ್ ಇದಕ್ಕೆ ಉಲ್ಟಾ, ಕೈಚೀಲದಲ್ಲೇ ಇರಬೇಕು.

ಸಿಂಗಪುರದ ಮೇಲೆ ಹೋಗುವವರಿದ್ದರೆ ಗಸಗಸೆ ಒಯ್ಯಲೇಬಾರದು, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ.

ದೆನ್‌ಪಸಾರ್ ದಿನಗಳು

ಕೆಲಸದ ಮೇಲೆ ಬಾಲಿಯಲ್ಲಿದ್ದೆ. ಅಮ್ಮನಿಗೆ ಧೈರ್ಯವಾಗಿ ಹೇಳಿ, ಅಲ್ಲಿ ಇವೆಲ್ಲ ಸಿಗುತ್ತೆ. ಬಾಲಿಯ ಬಹುಪಾಲು ಜನ ಹಿಂದೂಗಳೇ. ದಿನಾ ಬೆಳಿಗ್ಗೆ ಮನೆ ಮುಂದೆ, ಅಂಗಡಿ ಮುಂದೆ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟು ಪೂಜೆ ಮಾಡುತ್ತಾರೆ, ಚನಾಂಗ್ ಸಾರಿ ಅಂತ. ಆ ಹೂವಿನ ಕೆಳಗೆ ವೀಳ್ಯದೆಲೆ, ಅಡಿಕೆ, ಸುಣ್ಣ ಸೇರಿಸಿ ಕಟ್ಟಿದ ಸಣ್ಣ ಮಡಿಕೆ ಇರುತ್ತೆ. ನಮ್ಮ ತಾಂಬೂಲವೇ! ಅಂದಮೇಲೆ ಸಂತೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಎಲೆ, ಚೆಂಡುಹೂ ರಾಶಿ ರಾಶಿ. ಹಸಿ ಎಲೆ, ಹೂವು, ಹಣ್ಣು ಇಲ್ಲಿಂದ ಒಯ್ದರೆ ಅಲ್ಲಿ ಕ್ವಾರಂಟೈನ್‌ನವರು ಹಿಡಿಯುತ್ತಾರೆ. ಅರಿಸಿನ, ಕುಂಕುಮ, ಜನಿವಾರ, ಬಾಸಿಂಗ, ಹೊಂಬಣ್ಣದ ಅಕ್ಷತೆ ಬಟ್ಟಲು, ಇಂಥವು ಮಾತ್ರ ಒಯ್ಯಿರಿ.

ಆ ತಟ್ಟೆಗಳು ನೆಲದ ಮೇಲೇ ಇರುತ್ತವೆ, ತುಳಿಯಬೇಡಿ, ಮಕ್ಕಳಿಗೂ ಹೇಳಿ.

ಇನ್ನೊಂದು. 2019ರಿಂದ ಬಾಲಿಯಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧ. ತಾಂಬೂಲಕ್ಕೆ ಬಟ್ಟೆ ಚೀಲ ಹೊಲಿಸಿಕೊಂಡು ಹೋಗಿ.

ಸರಸ್ವತಿಪುರಂ ಸೊಸೆ

ಇದನ್ನು ಓದಿ ಹೇಳಿದೆ, ಅತ್ತೆಯವರ ಮುಖ ಅರಳಿತು! "ಅಲ್ಲೂ ವೀಳ್ಯ ಇಡುತ್ತಾರಾ, ಹಾಗಾದರೆ ಬರ್ತೀನಿ" ಅಂದರು.

ಡಾಕ್ಟರಮ್ಮ

ಅತ್ತೆಯವರ ಬಗ್ಗೆ ನಾನು ಹೇಳುತ್ತೇನೆ.

ಮಾತ್ರೆಗಳು ಕೈಚೀಲದಲ್ಲಿ, ಅಂಗಡಿಯ ಮೂಲ ಪ್ಯಾಕಿಂಗ್‌ನಲ್ಲೇ, ಡಾಕ್ಟರ ಚೀಟಿಯ ಜೊತೆ. ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಇಂಡೋನೇಷ್ಯಾದಲ್ಲಿ ಮಾದಕ ವಸ್ತು ಕಾನೂನು ಬಹಳ ಕಠಿಣ. ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆ ಮಾತ್ರೆ ಇದ್ದರೆ ಮೊದಲೇ ವಿಚಾರಿಸಿ.

ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಿಸಿಲಲ್ಲಿ ನೀರಿನಂಶ ಬೇಗ ಇಳಿಯುತ್ತದೆ. ಆ ದಿನದ ಡೋಸ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ, ನೀವಾಗಿ ಬಿಡಬೇಡಿ. ಬಹಳ ಹೆಂಗಸರು ಬಚ್ಚಲು ದೂರ ಅಂತ ನೀರೇ ಕುಡಿಯುವುದಿಲ್ಲ. ಬಯಲು ಮದುವೆಯಲ್ಲಿ ತಲೆ ಸುತ್ತಿ ಬೀಳುವವರಲ್ಲಿ ಇಂಥವರೇ ಹೆಚ್ಚು, ನಾನು ಕಣ್ಣಾರೆ ನೋಡಿದ್ದೇನೆ. ಮಂಟಪದಿಂದ ಬಚ್ಚಲಿಗೆ ಬಗ್ಗಿ ಗಾಡಿ ಇದೆಯಾ ಕೇಳಿ. ಓಆರ್‌ಎಸ್ ಪೊಟ್ಟಣ ಇರಲಿ.

ಏರ್‌ಪೋರ್ಟಿನ ವೀಲ್‌ಚೇರ್‌ಗೆ ಎರಡು ದಿನ ಮುಂಚೆಯೇ ಹೇಳಿ. ಆದರೆ ಹುಲ್ಲಿನ ಮೇಲೆ ಸಣ್ಣ ಚಕ್ರದ ವೀಲ್‌ಚೇರ್ ಉರುಳುವುದಿಲ್ಲ. ಅಲ್ಲಿ ಊರುಗೋಲೇ ಸರಿ, ತುದಿಗೆ ಅಗಲ ರಬ್ಬರು ಹಾಕಿಸಿ. ಬೆನ್ನಿಗೂ ಕೈಗೂ ಆಸರೆ ಇರುವ ಒಂದು ಕುರ್ಚಿ ಬೇಕು ಅಂತ ಹೇಳಿಡಿ. ಮದುವೆಗೆ ಇಡುವ ಕೈಯಿಲ್ಲದ ಕುರ್ಚಿಯಿಂದ ಮಂಡಿ ನೋವಿನವರು ಏಳಲಾರರು.

ಡೆಂಗಿ ಸೊಳ್ಳೆ ಹಗಲು ಹೊತ್ತೇ ಕಚ್ಚುತ್ತದೆ. ಸೀರೆ ಉಡುವ ಮೊದಲು ಕಾಲಿಗೆ, ಕುತ್ತಿಗೆಗೆ ಸೊಳ್ಳೆ ಮುಲಾಮು ಹಚ್ಚಿ, ರೇಷ್ಮೆಗೆ ತಾಗದಂತೆ.

ಕರಾವಳಿ ಕುವರ

ಉಲುವಾಟು ದೇವಸ್ಥಾನಕ್ಕೆ ಹೋದರೆ ಕೋತಿಗಳ ಬಗ್ಗೆ ಎಚ್ಚರ. ಕನ್ನಡಕ, ಫೋನು, ಟೋಪಿ ಕಿತ್ತುಕೊಂಡು ಹೋಗಿ ತಿಂಡಿ ಕೊಟ್ಟರೆ ವಾಪಸ್ ಎಸೆಯುತ್ತವೆ. ಅತ್ತೆಯವರ ಕನ್ನಡಕ ಚೀಲದಲ್ಲಿಡಿ.

ಡಾಕ್ಟರಮ್ಮ

ಕೋತಿಯೋ ನಾಯಿಯೋ ಪರಚಿದರೂ ಸಾಕು, ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಆ ದಿನವೇ ಇಂಜೆಕ್ಷನ್ ಹಾಕಿಸಿ. ಬಾಲಿಯಲ್ಲಿ 2008ರಿಂದ ರೇಬಿಸ್ ಇದೆ. ಊರಿಗೆ ಬಂದು ನೋಡೋಣ ಅನ್ನಬೇಡಿ.

ದಾವಣಗೆರೆ ಬೆಣ್ಣೆ

ಸಸ್ಯಾಹಾರಿಗಳಾ ನೀವು? ಮದುವೆ ಊಟ ಸರಿ, ಹೊರಗೆ ತಿನ್ನುವಾಗ ಕೇಳಿ ತಿನ್ನಿ. ಅಲ್ಲಿಯ ಸಾಂಬಾಲ್ ಚಟ್ನಿಗೆ ತೆರಾಸಿ ಅಂತ ಸಿಗಡಿಯ ಪೇಸ್ಟ್ ಹಾಕುತ್ತಾರೆ. ಗಾಡೊ ಗಾಡೊ ನೋಡಲು ಬರೀ ತರಕಾರಿ, ಅದರ ಕಡಲೆಕಾಯಿ ಚಟ್ನಿಯಲ್ಲೂ ಇರಬಹುದು. ಟೆಂಪೆ ಸೋಯಾದ್ದು, ಅದು ನಡೆಯುತ್ತೆ. ಗೊಜ್ಜವಲಕ್ಕಿ, ಚಟ್ನಿಪುಡಿ ಇಟ್ಟುಕೊಳ್ಳಿ.

ಒಡವೆ ಓದುಗ

ಒಡವೆ ವಿಷಯ ಯಾರೂ ಮುಟ್ಟಲೇ ಇಲ್ಲ. ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಅಜ್ಜಿ ಕಾಲದ ಅಡ್ಡಿಕೆ, ಬಳೆ, ಸೊಂಟದ ಪಟ್ಟಿ ಹಾಕಿಕೊಂಡು ಹೋದಿರಿ ಅಂತಿಟ್ಟುಕೊಳ್ಳಿ. ವಾಪಸ್ ಬರುವಾಗ ಕಸ್ಟಮ್ಸ್‌ನವರು ಇದನ್ನು ಹೊರಗೆ ಕೊಂಡಿರಾ ಅಂತ ಕೇಳಿದರೆ ನಿಮ್ಮ ಹತ್ತಿರ ಪುರಾವೆ ಏನು? ಅದಕ್ಕೇ ಹೊರಡುವಾಗಲೇ ನಮ್ಮ ಏರ್‌ಪೋರ್ಟಿನ ಕಸ್ಟಮ್ಸ್ ಕೌಂಟರಿನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಬೇಕು. ಒಡವೆ ತೋರಿಸಬೇಕು, ತೂಕ, ವಿವರ ಬರೆದುಕೊಡುತ್ತಾರೆ. ಬಿಲ್ಲು ಇಲ್ಲದ ಹಳೇ ಒಡವೆಗೆ ಸರ್ಕಾರಿ ಮಾನ್ಯತೆ ಇರುವ ಮೌಲ್ಯಮಾಪಕರಿಂದ ಪತ್ರ, ಫೋಟೋ ಮಾಡಿಸಿಟ್ಟುಕೊಳ್ಳಿ. ವಾಪಸ್ ಬಂದಾಗ ಆ ಕಾಗದ ತೋರಿಸಿದರೆ ಸುಂಕದ ಮಾತೇ ಇಲ್ಲ.

ಮಂಡ್ಯದ್ ಗೌಡ್ತಿ

ಅಷ್ಟೆಲ್ಲಾ ತಾಪತ್ರಯ ಯಾಕೆ? ತಾಳಿ, ಓಲೆ, ಎರಡು ಬಳೆ. ಮಿಕ್ಕಿದ್ದು ಒಂದು ಗ್ರಾಂ ಚಿನ್ನದ್ದು ಹಾಕಿ.

ಒಡವೆ ಓದುಗ

ಸೋದರತ್ತೆಯಾಗಿ ಕಳಶ ಹಿಡಿದು ನಿಲ್ಲುವವರಿಗೆ ಹಾಗೆ ಹೇಳಲಾಗುತ್ತಾ ಅಕ್ಕ? ಮನೆಯ ಒಡವೆ ಹಾಕಿಕೊಳ್ಳುವುದು ಅವರಿಗೆ ಬೇಕಿದ್ದರೆ ಹಾಕಲಿ, ಕಾಗದ ಸರಿಯಾಗಿರಲಿ ಅಷ್ಟೆ.

ಹುಬ್ಳಿ ಹುಡುಗ

ಇವರು ಸೋದರತ್ತೆ ಅಲ್ರಿ, ಹುಡುಗಿಯ ಸೋದರಮಾವನ ಹೆಂಡತಿ, ಅಂದ್ರ ಅತ್ತಿ. ಸೋದರಮಾವಗ ಕೆಲಸ ಜಾಸ್ತಿ, ಯಜಮಾನರ ಕಾಲುಚೀಲ ಮರೀಬ್ಯಾಡ್ರಿ.

ಜಯನಗರ ಕಾಫಿ

ಮುಯ್ಯಿಗೆ ಬರೋಣ. ಐದು ಜನರ ಟಿಕೆಟ್, ವೀಸಾ ಎಲ್ಲ ಸೇರಿದರೆ ಲಕ್ಷಗಳ ಲೆಕ್ಕ. ಇಷ್ಟು ಖರ್ಚು ಮಾಡಿ ಹೋಗುವುದೇ ದೊಡ್ಡ ಮುಯ್ಯಿ. ಮತ್ತೆ ಕವರು ಕೊಡಬೇಕಾಗಿಲ್ಲ.

ಮಲೆನಾಡ ಮಾಮಿ

ಒಪ್ಪುವುದಿಲ್ಲ. ಸ್ನೇಹಿತರಾದರೆ ನಿಮ್ಮ ಮಾತು ಸರಿ. ಇವರು ಸೋದರಮಾವನ ಮನೆಯವರು. ತಾಯಿ ಮನೆಯಿಂದ ಬರಬೇಕಾದ ಸೀರೆ, ಬೆಳ್ಳಿ, ಅದು ಖರ್ಚಿನ ಲೆಕ್ಕವಲ್ಲ, ನಾದಿನಿಯ ಮರ್ಯಾದೆ. ಆದರೆ ಅಲ್ಲಿಗೇ ಹೊತ್ತು ಹೋಗಬೇಕು ಅಂತ ಎಲ್ಲಿದೆ? ದೇವರ ಸಮಾರಾಧನೆಗೋ ನಾಂದಿಗೋ ಇಲ್ಲೇ ಮೈಸೂರಲ್ಲಿ ಸೇರುವಾಗ ಕೊಡಿ.

ಮೆಲ್ಬರ್ನ್ ಕನ್ನಡತಿ

ಮಾಮಿ ಹೇಳಿದ್ದೇ ಸರಿ. ಹುಡುಗಿ ಮದುವೆ ಮುಗಿಸಿ ನೇರ ಇಲ್ಲಿಗೆ ಬರುವುದಾದರೆ ಇನ್ನೂ ಮುಖ್ಯ. ಆಸ್ಟ್ರೇಲಿಯಾದಲ್ಲಿ ಮರದ ಸಾಮಾನು, ಬೀಜ, ಧಾನ್ಯ, ಒಣಹೂವು, ತಿನ್ನುವ ಪದಾರ್ಥ ಎಲ್ಲವನ್ನೂ ಘೋಷಿಸಬೇಕು. ಮುಚ್ಚಿಟ್ಟರೆ ದಂಡ. ಮಡಿಲಕ್ಕಿ, ಅರಿಸಿನದ ಕೊಂಬು, ಚನ್ನಪಟ್ಟಣದ ಗೊಂಬೆ ಕೊಟ್ಟು ಆ ಮಗುವನ್ನು ಕಸ್ಟಮ್ಸ್ ಮುಂದೆ ನಿಲ್ಲಿಸಬೇಡಿ. ಮಡಿಲು ತುಂಬುವ ಶಾಸ್ತ್ರ ಬಾಲಿಯಲ್ಲೇ ಮಾಡಿ, ಅಕ್ಕಿಯನ್ನು ನೀವೇ ಅಲ್ಲಿಯ ದೇವಸ್ಥಾನಕ್ಕೆ ಕೊಟ್ಟುಬನ್ನಿ.

ಟಿಕೆಟ್ ತಿಮ್ಮ

ಕವರಿನಲ್ಲಿ ನಮ್ಮ ನೋಟು ಇಟ್ಟುಕೊಟ್ಟರೆ 25,000 ರೂಪಾಯಿಗಿಂತ ಹೆಚ್ಚು ಭಾರತದಿಂದ ಒಯ್ಯುವ ಹಾಗೂ ಇಲ್ಲ. ಖಾತೆಗೆ ಹಾಕಿ, ಮುಗೀತು.

ಕೊನೆಯದಾಗಿ ಒಂದು. ಮುಹೂರ್ತದ ಹಿಂದಿನ ದಿನ ಇಳಿಯುವ ಟಿಕೆಟ್ ಮಾಡಬೇಡಿ. 2024ರ ನವೆಂಬರಿನಲ್ಲಿ ಪೂರ್ವಕ್ಕಿರುವ ಫ್ಲೋರೆಸ್ ದ್ವೀಪದ ಲೆವೊಟೊಬಿ ಜ್ವಾಲಾಮುಖಿ ಬೂದಿ ಉಗುಳಿ ಬಾಲಿಯ ವಿಮಾನಗಳು ರದ್ದಾದವು, ಭಾರತದ್ದೂ ಸೇರಿ. 2025ರಲ್ಲೂ ಆಯಿತು. ಎರಡು ದಿನ ಮುಂಚೆ ಇಳಿಯಿರಿ. ಪ್ರವಾಸ ವಿಮೆಯಲ್ಲಿ ಜ್ವಾಲಾಮುಖಿ ಬೂದಿಯಿಂದ ರದ್ದಾದರೂ ಹಣ ಬರುತ್ತಾ, ಹಿರಿಯರ ಹಳೇ ಕಾಯಿಲೆಗೆ ಬರುತ್ತಾ, ಎರಡನ್ನೂ ಓದಿ ನೋಡಿ. ಹುಡುಗರು ಅಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಅಂತರರಾಷ್ಟ್ರೀಯ ಪರ್ಮಿಟ್ ಇಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ.

ಮುಹೂರ್ತದ ಸೀರೆ, ಪಂಚೆ ಕೈಚೀಲದಲ್ಲಿರಲಿ.

ಸರಸ್ವತಿಪುರಂ ಸೊಸೆ

ಎಲ್ಲರಿಗೂ ಕೈಮುಗಿದೆ. ನಾದಿನಿ ಹಿಂದಿನ ಮೂರು ಸಾಲಿಗೆ ನೆರಳು ಹಾಕಿಸಲು ಒಪ್ಪಿದ್ದಾಳೆ. ಬಗ್ಗಿ ಗಾಡಿಯೂ ಇದೆಯಂತೆ. ಕೈ ಇರುವ ಕುರ್ಚಿ ನಾಲ್ಕು ಬೇಕು ಅಂತ ಹೇಳಿದ್ದೇನೆ, ಹುಡುಗನ ಕಡೆಯ ಅಜ್ಜಿಯವರಿಗೂ ಆಗುತ್ತೆ. ಸೀರೆ ಇಳಕಲ್ಲೇ. ಒಂದೇ ಅನುಮಾನ ಉಳಿದಿದೆ. ಆ ಎಕ್ಸ್‌ಪೋರ್ಟ್ ಸರ್ಟಿಫಿಕೇಟಿಗೆ ಬೆಂಗಳೂರು ಏರ್‌ಪೋರ್ಟಿಗೆ ಎಷ್ಟು ಹೊತ್ತು ಮುಂಚೆ ಹೋಗಬೇಕು? ಮೈಸೂರಿನಿಂದ ಹೊರಡಬೇಕಲ್ಲ.

ಒಡವೆ ಓದುಗ

ವಿಮಾನಕ್ಕೆ ನಾಲ್ಕು ಗಂಟೆ ಮುಂಚೆ ಟರ್ಮಿನಲ್ 2ರಲ್ಲಿರಿ. ಒಡವೆ ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ, ಕೈಯಲ್ಲೇ ಇರಲಿ. ಮೌಲ್ಯಮಾಪಕರ ಪತ್ರ, ಫೋಟೋ ಎರಡೆರಡು ಪ್ರತಿ. ಯಾರ ಒಡವೆಯೋ ಅವರ ಪಾಸ್‌ಪೋರ್ಟಿನ ಹೆಸರಲ್ಲೇ ಬೇರೆ ಬೇರೆ ಸರ್ಟಿಫಿಕೇಟ್ ಮಾಡಿಸಿ, ಒಬ್ಬರ ಹೆಸರಲ್ಲಿ ಎಲ್ಲವನ್ನೂ ಸೇರಿಸಬೇಡಿ.